ಚಂದ್ರಕಾಳಿಯ ನಡುವೆ ಬಿಟ್ಟ ಚೌಕ

ಅವ್ವಾ,

ಈ ಕಡೆ ಎಲ್ಲಾ ಕ್ಷೇಮ ಎಂದು ಶುರು ಮಾಡಲು ಕೈ ಬರುತ್ತಿಲ್ಲ. ಆ ಕಡೆಯ ಕ್ಷೇಮ ಕೇಳುವ ಹಾಗೂ ಇಲ್ಲ. ಹೀಗಾಗಿ ನೇರ ವಿಷಯಕ್ಕೆ ಬರುತ್ತೇನೆ: ನಿನಗೊಂದು ಸುದ್ದಿ ಹೇಳುವುದಿದೆ. ವಾರಪತ್ರಿಕೆಯ ಧಾರಾವಾಹಿಯನ್ನು ಕೂಡ ಕೊನೆಯ ಪ್ಯಾರಾದಿಂದ ಓದುವವಳು ನೀನು. "ಮದ್ಲ ಕಡೀಕ ಏನಾತು ಹೇಳಿಬಿಡು, ಆಮ್ಯಾಲ ನಿವಾಂತ ಕುಂತು ಕೇಳ್ತೀನಿ" ಅನ್ನುವವಳು. ಇವತ್ತು ಹಾಗೆ ಹೇಳುವುದಿಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ನಿನ್ನ ಮಾತೇ ನಡೆದಿದೆ, ಇದೊಂದು ಸಲ ನಾನು ಹೇಳುವ ಕ್ರಮದಲ್ಲಿ ಕೇಳು.

ನೀನು ಹೋದ ದಿನ ನಾನು ಅಳಲಿಲ್ಲ. ದಿನಗಳೆಲ್ಲ ಮುಗಿದು ನೆಂಟರು ಗಾಡಿ ಹತ್ತಿದರು, ಆಗಲೂ ಅಳಲಿಲ್ಲ. ಊರಿನಿಂದ ಬಂದಿದ್ದ ಕಾಕು ಅಡುಗೆಮನೆಯಲ್ಲಿ ಯಾರಿಗೋ ಹೇಳುತ್ತಿದ್ದಳು, "ಶೈಲೂ ಕಲ್ಲಾಗ್ಯಾಳ ನೋಡ್ರಿ, ಕಣ್ಣಾಗ ಒಂದ ಹನಿ ನೀರಿಲ್ಲ." ಕಲ್ಲಾದೆ ಅಂತ ಅನ್ನಿಸುವುದಕ್ಕಾದರೂ ಒಳಗೆ ಏನಾದರೂ ಅನ್ನಿಸಬೇಕಲ್ಲ? ಅದೂ ಇಲ್ಲ. ಬೆಳಗ್ಗೆ ಎದ್ದು ಟಿಫಿನ್ ಕಟ್ಟಿಕೊಂಡು ಘಾಟ್ಕೋಪರ್ ಸ್ಟೇಷನ್ನಿಗೆ ನಡೆಯುತ್ತೇನೆ. ಲೋಕಲ್ ಹತ್ತುತ್ತೇನೆ. ಫೋರ್ಟಿನ ಆಫೀಸಿನಲ್ಲಿ ಸಂಜೆಯವರೆಗೆ ಟೈಪ್ ಹೊಡೆಯುತ್ತೇನೆ. ತಪ್ಪು ಕೂಡ ಆಗುತ್ತಿಲ್ಲ, ಸಾಹೇಬರು ಹೊಗಳಿದರು. ಇವಳೆಂಥ ಮಗಳು ಎಂದು ನನಗೇ ಹೆದರಿಕೆಯಾಗಬೇಕು, ಅದೂ ಸರಿಯಾಗಿ ಆಗುತ್ತಿಲ್ಲ.

ಮಸ್ಕತ್ತಿನಿಂದ ಮಾಮಾ ಬಂದ ದಿನ ನೆನಪಿದೆಯೇ? ನಿನ್ನ ತಮ್ಮ ಮಿಕ್ಸರ್ ತರುತ್ತಾನೆಂದು ನೀನು ಅಡುಗೆಮನೆಯ ಕಟ್ಟೆಯ ಮೇಲೆ ಜಾಗ ಕೂಡ ಮಾಡಿಟ್ಟಿದ್ದೆ. ಅವನ ಬ್ಯಾಗಿನಿಂದ ಹೊರಗೆ ಬಂದದ್ದು ಟಿವಿಗೆ ಹಚ್ಚಿ ಆಡುವ ಒಂದು ಬಿಳಿ ಡಬ್ಬಿ, ಎರಡು ವಯರು, ಒಂದು ಅಡಾಪ್ಟರ್, ಮೇಲೆ ಚೀನೀ ಅಕ್ಷರ ಬರೆದ ಒಂದು ಗೇಮ್ ಕ್ಯಾಸೆಟ್. ನಿನ್ನ ಮಗ ಗಿರಿ ಕುಣಿದಾಡಿದ. ನೀನು "ಇದರಾಗ ಚಟ್ನಿ ರುಬ್ಬಾಕ ಬರ್ತೈತೇನೋ?" ಎಂದು ಕೇಳಿ ಒಳಗೆ ಹೋಗಿಬಿಟ್ಟೆ. ಮಾಮಾ ಪಾಪ, ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

ಆಮೇಲೆ ಒಂದು ಸಂಜೆ ನೀನು ರೊಟ್ಟಿ ಬಡಿಯುತ್ತಿದ್ದವಳು ಉಪ್ಪಿನ ಡಬ್ಬಿ ಹುಡುಕಿಕೊಂಡು ಹೊರಗೆ ಬಂದೆ. ಟಿವಿಯಲ್ಲಿ ಆ ಪುಟ್ಟ ಟೊಪ್ಪಿಗೆಯವನು ಕೋಟೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕಂದೀಲು, ಎದುರಿಗೆ ಏಣಿ. "ಏ ತಡೀ ಗಿರ್ಯಾ, ಅಂವಗ ಹಂಗ ನಿಲ್ಲಸು" ಅಂದೆ. ಗಿರಿ ಪಾಜ್ ಒತ್ತಿದ. ನೀನು ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಿಟ್ಟಿನ ಬೆರಳಿನಿಂದ ಗಾಜಿನ ಮೇಲೆ ಅವನ ಟೊಪ್ಪಿಗೆಯ ಚೌಕಗಳನ್ನು ಒಂದೊಂದಾಗಿ ಎಣಿಸಿದೆ. ಗಾಜಿನ ತುಂಬ ಹಿಟ್ಟು. "ಇದು ಕಸೂತಿ ಅಲ್ಲೇನು? ಎಳಿ ಎಣಿಸಿ ಮಾಡ್ಯಾರ. ಯಾರೋ ಶಾಣ್ಯಾ ಹೆಣ್ಮಕ್ಕಳ ಕೈಯಾಗಿಂದು ಇದು." ಕಂಪ್ಯೂಟರಿನಲ್ಲಿ ಮಾಡುವುದು ಎಂದು ಗಿರಿ ಎಷ್ಟು ಹೇಳಿದರೂ ನೀನು ಒಪ್ಪಲಿಲ್ಲ. ಒಲೆಯ ಮೇಲಿನ ರೊಟ್ಟಿ ಕರಕಾಗಿ ಹೋಯಿತು.

ಅಂದಿನಿಂದ ನಮ್ಮ ಮನೆಯ ಪದ್ಧತಿಯೇ ಬದಲಾಯಿತು. ಗಿರಿ ಆಡುವುದು, ನೀನು ನಿಲ್ಲಿಸು ಅನ್ನುವುದು, ನೀನು ಎಣಿಸಿ ಹೇಳುವುದು, ನಾನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಚೌಕ ತುಂಬುವುದು. ಟೊಪ್ಪಿಗೆಯವನಿಗೆ ಬಸ್ಯಾ ಎಂದು ಹೆಸರಿಟ್ಟವಳೂ ನೀನೇ. ಅವನು ಏಣಿಯಿಂದ ಬಿದ್ದು ಸತ್ತರೆ "ಅಯ್ಯ ಶಿವನ, ಬಿದ್ದಲ್ಲೋ ಬಸ್ಯಾ" ಎಂದು ಅಡುಗೆಮನೆಯಿಂದಲೇ ಲೊಚಗುಡುತ್ತಿದ್ದೆ. ಕೋಟೆಯ ಬಾಗಿಲಿನ ಪಕ್ಕದಲ್ಲಿದ್ದ ಕಲ್ಲಿನ ಪೆಟ್ಟಿಗೆಯನ್ನು ತುಳಸಿಕಟ್ಟೆ ಅಂದುಬಿಟ್ಟೆ. ಊಟದ ಹೊತ್ತಿಗೆ "ಬಸ್ಯಾಗ ನಿಲ್ಲು ಅಂತ ಹೇಳಿ ತಾಟಿನ ಮುಂದ ಬಾ" ಅನ್ನುತ್ತಿದ್ದೆ. ಆ ಆಟದಲ್ಲಿ ಅರ್ಧಕ್ಕೆ ಬಿಟ್ಟರೆ ಮತ್ತೆ ಮೊದಲಿನಿಂದ ಆಡಬೇಕಲ್ಲ, ಅದಕ್ಕೆ ಅಪ್ಪ ಬಾತಮ್ಯಾ ಎನ್ನುವ ಮರಾಠಿ ವಾರ್ತೆ ನೋಡಲು ಟಿವಿಯ ವಯರು ಕಿತ್ತರೂ ಡಬ್ಬಿ ಮಾತ್ರ ಪಾಜ್‌ನಲ್ಲೇ ಇರುತ್ತಿತ್ತು. ಅಡಾಪ್ಟರ್ ಕಾದು ಚಾಪೆ ಸುಟ್ಟೀತು ಎಂದು ನೀನು ಅದರ ಕೆಳಗೆ ಸ್ಟೀಲಿನ ತಾಟು ಇಟ್ಟಿದ್ದೆ. ಅಂಚಿನಲ್ಲಿ ನಿನ್ನ ಹೆಸರು ಕೊರೆಸಿದ ತಾಟು ಅದು.

ಮೇಲಿನ ಮಹಡಿಯ ಕೇತನ್ ಮೊದಲ ಸಲ ನಮ್ಮ ಮನೆಗೆ ಬಂದಾಗ ನೀನು ಬಸ್ಯಾನನ್ನು ಗಿರಿಯ ಅಂಗಿಯ ಜೇಬಿನ ಮೇಲೆ ಹಾಕಿ ಮುಗಿಸಿದ್ದೆ. ಅವನು ಆ ಜೇಬನ್ನು ಹಿಡಿದುಕೊಂಡೇ ನಿಂತ. ಆಮೇಲೆ ಮಗುಚಿ ನೋಡಿದ. ಹಿಂದೆಯೂ ಅದೇ ಬಸ್ಯಾ, ಒಂದು ದಾರವೂ ಜೋತುಬಿದ್ದಿಲ್ಲ. "ಆಂಟಿ, ಯೇ ಪೀಛೇ ಸೇ ಭೀ ಸೇಮ್ ಕೈಸೇ?" ನಿನಗೆ ಅಷ್ಟೇ ಬೇಕಿತ್ತು. ಚಹಾ ಕೊಟ್ಟು ಕೂಡಿಸಿ ನಿನ್ನ ಮುರುಕು ಹಿಂದಿಯಲ್ಲಿ ಗವಂತಿ ಹೊಲಿಗೆಯ ಪಾಠ ಶುರು ಮಾಡಿದೆ. "ಗಾಂಠ್ ನಹೀ ಡಾಲನೇಕಾ, ಬಾಬಾ. ಸೂಜಿ ಜಾತಾ ಹೈ ಏಕ್ ಘರ್ ಛೋಡ್‌ಕೇ ಏಕ್ ಘರ್. ಕಡೀಕ ಗಯಾ, ಫಿರ್ ವಾಪಸ್ ಆತಾ ಹೈ, ಛೋಡಾ ಹುವಾ ಘರ್ ಭರ್ತೇ ಭರ್ತೇ. ಜಹಾಂ ಸೇ ನಿಕ್ಲಾ ವಹೀಂಚ್ ಆನಾ ಮಂಗತಾ." ಗಂಟು ಹಾಕದೆ ಒಂದು ಮನೆ ಬಿಟ್ಟು ಒಂದು ಮನೆ ಹೋಗಬೇಕು, ಬಿಟ್ಟ ಮನೆ ತುಂಬುತ್ತ ಹೊರಟಲ್ಲಿಗೇ ವಾಪಸ್ ಬರಬೇಕು. ಹೋಗುವಾಗ ಒಂದು ಎಳೆ ತಪ್ಪಿ ಎಣಿಸಿದರೆ ಆಗ ಗೊತ್ತೇ ಆಗುವುದಿಲ್ಲ, ಬರುವಾಗ ಗೊತ್ತಾಗುತ್ತದೆ, ಆಗ ಎಲ್ಲಾ ಬಿಚ್ಚಬೇಕು ಎಂದೂ ಹೇಳಿದೆ. ಅವನಿಗೆ ಎಷ್ಟು ತಿಳಿಯಿತೋ. ಗೋಣು ಮಾತ್ರ ಹಾಕುತ್ತಿದ್ದ.

ಕೇತನ್ ಆ ದಿನಗಳಲ್ಲಿ ಗೆಳೆಯರ ಜೊತೆ ಕೂಡಿ ಒಂದು ಪುಸ್ತಿಕೆ ತರುತ್ತಿದ್ದ. ಝೆರಾಕ್ಸ್ ಮಾಡಿ ಪಿನ್ ಹೊಡೆದ ಹಾಳೆಗಳು, ಹೆಸರು 'ಹೈ ಸ್ಕೋರ್'. ಯಾವ ವಿಡಿಯೋ ಗೇಮ್ ಪಾರ್ಲರಿನಲ್ಲಿ ಯಾರು ಎಷ್ಟು ಹೊಡೆದರು, ಯಾವ ಸ್ಟೇಜಿನಲ್ಲಿ ಎಲ್ಲಿ ಹಾರಬೇಕು, ಕೈಯಲ್ಲಿ ಬರೆದ ನಕಾಶೆಗಳು, ಒಬ್ಬ ಹುಡುಗ ತಾನೇ ಕಟ್ಟಿದ ಬಸ್ಯಾನ ಮುಂದಿನ ಕತೆ. ಅದರ ಕೊನೆಯ ಪುಟ ನಿನಗೆ ಬಂತು, 'ಆಂಟೀಸ್ ಪೇಜ್'. ನಾನು ಗ್ರಾಫ್ ಹಾಳೆಯಲ್ಲಿ ಬಿಡಿಸಿದ ನಿನ್ನ ನಮೂನೆಗಳು. ಭಾಂಡುಪಿನಿಂದ, ಗೋರೆಗಾಂವಿನಿಂದ ಹುಡುಗರು ಅಂಗಿ, ರುಮಾಲು, ಕ್ರಿಕೆಟ್ ಟೋಪಿ ಹಿಡಿದು ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಬರುತ್ತಿದ್ದರು. ನೀನು ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಬಸ್ಯಾ ಮುಂದೆ ಏನು ಮಾಡಿದ ಹೇಳು, ಅಷ್ಟೇ. ಅವರು ಕೈಕಾಲು ಬೀಸಿ ಕತೆ ಹೇಳುತ್ತಿದ್ದರು, ನೀನು ಸೂಜಿ ಆಡಿಸುತ್ತ ಹೂಂಗುಡುತ್ತಿದ್ದೆ. ಒಬ್ಬ ಹುಡುಗನಂತೂ ಎದೆಯ ಮೇಲಿನ ಬಸ್ಯಾನನ್ನು ತನ್ನ ಅವ್ವ ಬೈದರೂ ಒಗೆಯಲು ಕೊಡುತ್ತಿರಲಿಲ್ಲವಂತೆ, ಅಲ್ಲವೇ?

ಟೊಪ್ಪಿಗೆಯ ಬಣ್ಣದ ಜಗಳ ಮರೆಯುವ ಹಾಗೆಯೇ ಇಲ್ಲ. ನಮ್ಮದು ಬ್ಲ್ಯಾಕ್ ಅಂಡ್ ವೈಟ್ ಟಿವಿ. ನೀನು ಬಸ್ಯಾನಿಗೆ ಹಸಿರು ಟೊಪ್ಪಿಗೆ ಹಾಕಿಬಿಟ್ಟೆ. ಕೇತನ್ ಮನೆಯಲ್ಲಿ ಕಲರ್ ಟಿವಿ, ಪಾರ್ಲರುಗಳಲ್ಲೂ ಕಲರ್. "ಆಂಟಿ, ಟೋಪಿ ಲಾಲ್ ಹೈ! ಊಪರ್ ಆಕೇ ದೇಖೋ ನಾ ಏಕ್ ಬಾರ್." ನೀನು ಜಪ್ಪಯ್ಯ ಅಂದರೂ ಮೇಲೆ ಹೋಗಲಿಲ್ಲ. "ತುಮಾರೇ ಘರ್ ಮೇ ಲಾಲ್. ಹಮಾರೇ ಘರ್ ಮೇ ಹರಾ." ಅವನು ಹೋದ ಮೇಲೆ ನನಗೆ ಹೇಳಿದೆ, "ಹೋಗಿ ನೋಡಿದ್ನಿ ಅಂದ್ರ ಆಮ್ಯಾಲ ಹಸರು ಹಾಕಾಕ ಮನಸ ಬರೂದಿಲ್ಲ. ಪಾಪ, ಅಷ್ಟ ಕತ್ತಲದಾಗ ಒಬ್ಬನ ಹೊಂಟಾನ. ಹಸರಿದ್ರ ಕಣ್ಣಿಗೆ ತಂಪು." ಕೇತನ್ ತನ್ನ ಪುಸ್ತಿಕೆಯಲ್ಲಿ ನಿನ್ನ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಅಸಲಿ ಬಣ್ಣ ಕೆಂಪು' ಎಂದು ಬರೆದ. ನೀನು ಒಂದು ವಾರ ಅವನಿಗೆ ಚಹಾ ಕೊಡಲಿಲ್ಲ. ಸಣ್ಣ ಹುಡುಗರ ಹಾಗೆ ಆಡಿದೆ, ನಿಜವಾಗಿ.

ಚಂದ್ರಕಾಳಿ ಸೀರೆಯನ್ನು ಕತ್ತರಿಸಿದ ದಿನ ಅಪ್ಪ ಊಟ ಮಾಡಲಿಲ್ಲ. ನಿನ್ನ ಮದುವೆಗೆ ಧಾರವಾಡದ ಅಜ್ಜಿ ಉಡಿಸಿದ್ದ ಕಪ್ಪು ಸೀರೆ. ಒಂದು ಬದಿ ಜೀರ್ಣವಾಗಿ ಹರಿದಿತ್ತು, ಗಟ್ಟಿ ಇದ್ದ ಭಾಗವನ್ನು ನೀನು ಕತ್ತರಿಸಿ ತೆಗೆದೆ. "ಮದುವೀ ಸೀರೀ ಮ್ಯಾಲ ಆ ಡಬ್ಬ್ಯಾಗಿನ ಮಂಗ್ಯಾನ್ನ ಹಾಕ್ತೀಯೇನ? ತಲಿ ಕೆಟ್ಟೈತೇನ ನಿಂದು?" ಅಂದರು ಅಪ್ಪ. ಆ ಆಟದ ಎಲ್ಲಾ ಸ್ಟೇಜುಗಳ ಹಿನ್ನೆಲೆಯೂ ಕಪ್ಪು. ಅಷ್ಟು ಕಪ್ಪು ಬೇರೆ ಯಾವ ಬಟ್ಟೆಯಲ್ಲೂ ಸಿಗಲಿಲ್ಲ ಎಂದು ನನಗೆ ಮಾತ್ರ ಹೇಳಿದೆ. ಇಡೀ ಕೋಟೆಯನ್ನು ಅದರ ಮೇಲೆ ತರುವುದು, ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುವುದು. ಕಪ್ಪಿನ ಮೇಲೆ ಎಳೆ ಎಣಿಸಿ ಎಣಿಸಿ ನಿನ್ನ ಕಣ್ಣಲ್ಲಿ ನೀರಾಡುತ್ತಿತ್ತು. ಬಿಡು ಅಂದರೆ ಬಿಡುವ ಪೈಕಿಯೇ ನೀನು?

ನಡುವಿನ ಚೌಕವನ್ನು ನೀನು ಖಾಲಿ ಬಿಟ್ಟೆ. ಅದು ಕೊನೆಯ ಸ್ಟೇಜಿಗೆ. ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ, ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹುಡುಗರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಒಬ್ಬನ ಪ್ರಕಾರ ಅಲ್ಲೊಬ್ಬಳು ರಾಣಿ, ಇನ್ನೊಬ್ಬನ ಪ್ರಕಾರ ಏಳು ಹೆಡೆಯ ಹಾವು. ಮುಲುಂಡಿನ ಒಬ್ಬನಂತೂ ಅಲ್ಲಿಗೆ ಹೋದರೆ ಟಿವಿಯೇ ಸಿಡಿಯುತ್ತದೆ ಎಂದು ಆಣೆ ಮಾಡಿದ. ನೀನು ಯಾವುದನ್ನೂ ನಂಬಲಿಲ್ಲ, "ನಮ್ಮ ಗಿರ್ಯಾ ಕಣ್ಣಿಲೆ ನೋಡಿ ಬಂದು ಹೇಳಲಿ, ಆಮ್ಯಾಲ ಹಾಕ್ತೀನಿ" ಅಂದೆ. ಎಲ್ಲಾ ಕತೆಯ ಕೊನೆಯನ್ನು ಮೊದಲೇ ಕೇಳುವವಳು ಇದೊಂದಕ್ಕೆ ಕಾದು ಕೂತೆ.

ಆಮೇಲೆ ನಿನಗೆ ಕಾಮಾಲೆಯಾಯಿತು. ಕಾಮಣಿ ಅಂದರೆ ಏನು ಮಹಾ, ಪಥ್ಯ ಮಾಡಿದರೆ ಹೋಗುತ್ತದೆ ಎಂದುಕೊಂಡಿದ್ದೆವು. ಆಸ್ಪತ್ರೆಗೆ ಹೋಗುವ ಬೆಳಗ್ಗೆ ಕೂಡ ನೀನು ಚೌಕದ ಸುತ್ತಲಿನ ಗೆರೆ ಹಾಕುತ್ತಿದ್ದೆ. ಟ್ಯಾಕ್ಸಿ ಬಂತು ಎಂದು ಗಿರಿ ಕೂಗಿದಾಗ ಸೂಜಿಯನ್ನು ಹಾಗೇ ಬಟ್ಟೆಗೆ ಚುಚ್ಚಿ ಎದ್ದೆ. ಅಲ್ಲಿ ಮಂಚದ ಪಕ್ಕದಲ್ಲಿ ಗಿರಿ ಮುಖ ಬಾಡಿಸಿಕೊಂಡು ಕೂತಿದ್ದರೆ ನಿನಗೆ ಸೇರಲಿಲ್ಲ. "ಇಲ್ಲಿ ಕುಂತು ನನ್ನ ಮಾರಿ ಏನ ನೋಡ್ತಿ? ಮನೀಗ ಹೋಗು. ಬಸ್ಯಾನ ಕಡೀ ಮನ್ಯಾಗ ಏನೈತಿ ನೋಡ್ಕೊಂಡು ಬಾ, ಹೋಗು" ಎಂದು ಓಡಿಸಿದೆ. ಅವನು ಹೋದ. ಮಧ್ಯಾಹ್ನ ನಿನಗೆ ಸ್ವಲ್ಪ ಎಚ್ಚರ ಬಂತು. ಕಣ್ಣು ಹಳದಿ, ತುಟಿ ಒಣಗಿತ್ತು. "ಗಿರ್ಯಾ ಎಲ್ಲೀತನಕ ಹೋದನಂತ?" ಎಂದು ಕೇಳಿದೆ. ಗೊತ್ತಿಲ್ಲವ್ವಾ, ಸಂಜೆ ಬಂದು ಹೇಳುತ್ತಾನೆ ಅಂದೆ. ಸಂಜೆಯವರೆಗೆ ನೀನು ಇರಲಿಲ್ಲ.

ಫೋನು ಇದ್ದದ್ದು ಕೇತನ್ ಮನೆಯಲ್ಲಿ. ನಾನು ಆಸ್ಪತ್ರೆಯ ಕೌಂಟರಿನಿಂದ ಅಲ್ಲಿಗೆ ಮಾಡಿದೆ, ಅವನ ತಾಯಿ ಮೆಟ್ಟಿಲಿನಿಂದಲೇ ಗಿರಿಯನ್ನು ಕೂಗಿದರಂತೆ. ಅವನು ಆಗ ಯಾರೂ ಹೋಗದಷ್ಟು ಮುಂದೆ ಹೋಗಿದ್ದ, ಕೊನೆಯ ಬಾಗಿಲಿಗೆ ಒಂದೇ ಏಣಿ ಬಾಕಿ. ಪಾಜ್ ಒತ್ತಿ ಎದ್ದು ಓಡಿ ಬಂದ. ಆಮೇಲೆ ನಿನ್ನನ್ನು ಮನೆಗೆ ತಂದರು. ಯಾರೋ ಟಿವಿ ಬಂದ್ ಮಾಡಿ ಮೇಲೆ ಚಾದರ ಹೊದಿಸಿದರು. ಡಬ್ಬಿಯ ಕೆಂಪು ದೀಪ ಚಾದರದ ಕೆಳಗೆ ಉರಿಯುತ್ತಲೇ ಇತ್ತು, ಯಾರೂ ನೋಡಲಿಲ್ಲ. ನಾನು ನೋಡಿದೆ, ಗಿರಿ ನೋಡಿದ. ನಿನ್ನನ್ನು ಒಯ್ದರು, ಹಚ್ಚಿಟ್ಟ ದೀಪಕ್ಕೆ ಎಣ್ಣೆ ಹಾಕಿದರು, ಊರಿನಿಂದ ಬಂದವರು ಅದೇ ಗೋಡೆಗೆ ಒರಗಿ ಕೂತು ಅತ್ತರು. ಮೂಲೆಯಲ್ಲಿ ನಿನ್ನ ಹೆಸರಿನ ತಾಟಿನ ಮೇಲೆ ಅಡಾಪ್ಟರ್ ಕಾಯುತ್ತಲೇ ಇತ್ತು. ಬಸ್ಯಾ ಏಣಿಯ ಮೇಲೆ ನಿಂತೇ ಇದ್ದ.

ಕಾಕು ಒಂದು ಬೆಳಗ್ಗೆ ಚಟ್ನಿಗೆಂದು ಕೇತನ್ ಮನೆಯ ಮಿಕ್ಸರ್ ಕೇಳಿ ತಂದು, ಹಚ್ಚಲು ಪ್ಲಗ್ ಹುಡುಕುತ್ತ ಬಂದಳು. ಅಡುಗೆಮನೆಯ ಪ್ಲಗ್ ಕೆಟ್ಟಿತ್ತಲ್ಲ, ನೀನೇ ರಿಪೇರಿ ಮಾಡಿಸಿ ಮಾಡಿಸಿ ಎಂದು ಅಪ್ಪನಿಗೆ ಹೇಳುತ್ತಿದ್ದೆ. "ಇದು ಯಾತರ ವಯರ? ಸುಮ್ನ ಹಚ್ಚಿಟ್ಟಾರ" ಎಂದು ಕಿತ್ತಳು. ಗಿರಿ ಎದುರಿಗೇ ಕೂತಿದ್ದ. ಸಾವಿನ ಮನೆಯಲ್ಲಿ ಎದ್ದು ನಿಂತು ನನ್ನ ಗೇಮ್ ಎಂದು ಹೇಳಲು ಯಾರಿಗೆ ಬರುತ್ತದೆ? ಕಾಕುವಿನದೂ ತಪ್ಪಿಲ್ಲ. ಮಿಕ್ಸರ್ ತಿರುಗಿತು. ಗಿರಿ ಅವತ್ತು ಚಟ್ನಿ ಮುಟ್ಟಲಿಲ್ಲ. ಎಲ್ಲರೂ ಹೋದ ಮೇಲೆ ಡಬ್ಬಿ, ವಯರು, ಕ್ಯಾಸೆಟ್ ಎಲ್ಲಾ ಸುತ್ತಿ ಅಟ್ಟಕ್ಕೆ ಎಸೆದುಬಿಟ್ಟ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮಾತು ನಿಂತಿತು. ಗಿರಿ ಕಾಲೇಜಿಗೆ ಹೋಗುತ್ತಾನೆ, ಬರುತ್ತಾನೆ, ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಾನೆ. ಕೇತನ್ ಎರಡು ಸಲ ಬಂದ, ಗಿರಿ ಬಾಗಿಲಲ್ಲೇ ಮಾತಾಡಿಸಿ ಕಳಿಸಿದ. ನಾನು ಅಡುಗೆ ಮಾಡುತ್ತೇನೆ. ರುಚಿ ಸರಿಯೇ ಇರಬೇಕು, ಯಾರೂ ಏನೂ ಅನ್ನುವುದಿಲ್ಲ. ಒಂದು ಸಂಜೆ ಸ್ಟೇಷನ್ನಿನ ಹೊರಗೆ ವಡಾಪಾವ್ ತಿನ್ನುತ್ತ ನಿಂತಿದ್ದೆ, ಮುಗಿದ ಮೇಲೆ ನೋಡಿದರೆ ಮೆಣಸಿನಕಾಯಿಯೂ ಹೋಗಿತ್ತು, ನನಗೆ ಖಾರ ಹತ್ತಲೇ ಇಲ್ಲ. ನನ್ನ ಕೈಕಾಲು ಯಾರದೋ ಅನ್ನಿಸುತ್ತಿತ್ತು. ಅಪ್ಪ ಬಾತಮ್ಯಾ ಹಚ್ಚಿ ಕೂರುತ್ತಾರೆ, ಮುಗಿದರೂ ಏಳುವುದಿಲ್ಲ.

ಚಂದ್ರಕಾಳಿಯನ್ನು ನಾನು ತೆಗೆದದ್ದು ಟ್ರಂಕಿನ ಬಟ್ಟೆಗಳಿಗೆ ಬಿಸಿಲು ಕಾಣಿಸಬೇಕೆಂದು. ಮಳೆಗಾಲದ ಥಂಡಿಗೆ ಸೂಜಿ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಕೂತಿತ್ತು. ಚೌಕದ ಸುತ್ತಲಿನ ಗೆರೆಯಲ್ಲಿ ನೀನು ಹೋಗುವುದನ್ನು ಮುಗಿಸಿದ್ದೆ. ಒಂದು ಮನೆ ಬಿಟ್ಟು ಒಂದು ಮನೆ, ನಾಲ್ಕೂ ಬದಿ. ಸೂಜಿ ಹೊರಟ ಜಾಗದ ಪಕ್ಕಕ್ಕೇ ಬಂದು ನಿಂತಿತ್ತು, ಆದರೆ ಬಿಟ್ಟ ಮನೆಗಳು ಹಾಗೇ ಇದ್ದವು. ಬರುವುದು ಇನ್ನೂ ಇತ್ತು. ಅಪ್ಪ ಯಾವಾಗ ಹಿಂದೆ ಬಂದು ನಿಂತಿದ್ದರೋ ತಿಳಿಯಲಿಲ್ಲ. "ಈ ನಡುವ ಯಾಕ ಖಾಲಿ ಬಿಟ್ಟಾಳ?" ಎಂದು ಕೇಳಿದರು. ಹೇಳಿದೆ. ಕೊನೆಯ ಸ್ಟೇಜು, ಗಿರಿ, ಪ್ಲಗ್, ಎಲ್ಲಾ. ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಬಟ್ಟೆಯನ್ನು ಕೈಯಲ್ಲಿ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ನೋಡಿದರು. ಮಂಗ್ಯಾ ಅಂದಿದ್ದರಲ್ಲ, ಆ ಬಸ್ಯಾನ ಮೇಲೆ ಹೆಬ್ಬೆರಳು ಆಡಿಸಿದರು.

ಕಳೆದ ಭಾನುವಾರ ಬೆಳಗ್ಗೆ ನಾನು ಚಹಾ ಸೋಸುತ್ತಿದ್ದಾಗ ಸ್ಟೂಲಿನ ಸದ್ದು. ಹೊರಗೆ ಬಂದರೆ ಅಪ್ಪ ಅಟ್ಟದೊಳಗೆ ಅರ್ಧ ಹೊಕ್ಕಿದ್ದಾರೆ. ಡಬ್ಬಿ ಇಳಿಸಿದರು, ಬನಿಯನ್ನಿನಿಂದ ಧೂಳು ಒರೆಸಿದರು. ಗಿರಿಯನ್ನು ಎಬ್ಬಿಸಿ "ಹಚ್ಚೋ ಇದನ್ನ" ಅಂದರು. ಗಿರಿ ಆ ಮೂಲೆಯನ್ನೇ ನೋಡಿದ. "ಇಲ್ಲಿ ಒಲ್ಲೆ, ಅಪ್ಪಾ. ಈ ಮನ್ಯಾಗ ನಂಗ ಆಗೂದಿಲ್ಲ." ಅಪ್ಪ ಸಿಟ್ಟಾಗುತ್ತಾರೆ ಎಂದುಕೊಂಡೆ. "ಇಲ್ಲಿ ಒಲ್ಲೆಂದ್ರ ಮ್ಯಾಲ ಆಡು. ನಾ ಬರ್ತೀನಿ, ನಡೀ" ಅಂದವರೇ ನಿನ್ನ ತಾಟಿನಲ್ಲಿ ಅಡಾಪ್ಟರ್ ಇಟ್ಟುಕೊಂಡು, ಆರತಿ ತಾಟಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು. ನೀನು ನೋಡಿದ್ದರೆ ನಗುತ್ತಿದ್ದೆ.

ಕೇತನ್ ತಾಯಿ ಬಾಗಿಲು ತೆರೆದು ಅಪ್ಪನನ್ನು ನೋಡಿ ಗಾಬರಿಯಾದರು. ಅಪ್ಪ ಅವರ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. "ಹಮಾರೇ ಲಡಕೇ ಕೋ ಥೋಡಾ ಖೇಲನಾ ಹೈ" ಅಂದರು, ಅಷ್ಟು ಗಂಭೀರವಾಗಿ. ಸುದ್ದಿ ಹೇಗೆ ಹೋಯಿತೋ, ಸ್ವಲ್ಪ ಹೊತ್ತಿನಲ್ಲಿ ಬಿಲ್ಡಿಂಗಿನ ಹುಡುಗರೆಲ್ಲ ಚಪ್ಪಲಿ ಬಿಟ್ಟು ಒಳಗೆ. ಗಿರಿ ಮೊದಲಿನಿಂದ ಶುರು ಮಾಡಿದ. ಕಲರಿನಲ್ಲಿ ನಾನೂ ಮೊದಲ ಸಲ ನೋಡಿದೆ. ಟೊಪ್ಪಿಗೆ ಕೆಂಪೇ ಇತ್ತು, ಅವ್ವಾ. ಹುಡುಗರು ಸುಳ್ಳು ಹೇಳಿರಲಿಲ್ಲ. ನನಗೆ ಒಳಗೆ ಏನೂ ಆಗಲಿಲ್ಲ, ಓಹೋ ಕೆಂಪು ಅಂದುಕೊಂಡೆ. ಬೆಳಗಿನ ತಿಂಡಿಯ ಗಾಂಠಿಯಾ ಮುಗಿದು ಮಧ್ಯಾಹ್ನದ ಊಟದ ವೇಳೆ ಮೀರಿತು, ಗಿರಿ ಏಳಲಿಲ್ಲ, ಅಪ್ಪನೂ ಏಳಲಿಲ್ಲ. ನಡುನಡುವೆ ಬಗ್ಗಿ ಅಡಾಪ್ಟರ್ ಮುಟ್ಟಿ ನೋಡುತ್ತಿದ್ದರು, ಜ್ವರ ನೋಡುವ ಹಾಗೆ. ಕೊನೆಯ ಏಣಿ ಬಂತು. ಬಸ್ಯಾ ಹತ್ತಿದ. ಬಾಗಿಲು ತೆರೆಯಿತು. ಒಳಗೆ ಹೋದ.

ಟಿವಿ ಕಪ್ಪಾಯಿತು. ರಾಣಿಯೂ ಇಲ್ಲ, ಹಾವೂ ಇಲ್ಲ. ಕರೆಂಟ್ ಹೋಯಿತೇ ಎಂದು ಅಪ್ಪ ಫ್ಯಾನಿನ ಕಡೆ ನೋಡಿದರು, ಫ್ಯಾನು ತಿರುಗುತ್ತಿತ್ತು. ಆಮೇಲೆ ಅದೇ ಹಳೆಯ ಟ್ಯೂನು ಬಂತು, ನೀನು ಪಾತ್ರೆ ತಿಕ್ಕುವಾಗ ಗುನುಗುತ್ತಿದ್ದದ್ದು. ಅದೇ ಕೋಟೆಯ ಬಾಗಿಲು, ಅದೇ ಏಣಿ, ಅದೇ ತುಳಸಿಕಟ್ಟೆ. "ಅರೇ ಯಾರ್, ಫಿರ್ ಸೇ ಫಸ್ಟ್ ಸ್ಟೇಜ್!" ಎಂದು ಕೇತನ್ ತಲೆ ಚಚ್ಚಿಕೊಂಡ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಗಲಾಟೆ ಮಾಡಿದರು. ಇಷ್ಟಕ್ಕೇ? ಇಷ್ಟು ದಿನ ಇಷ್ಟಕ್ಕೇ? ಗಿರಿ ಕೈ ಬಿಟ್ಟು ಕೂತಿದ್ದ. ಆಗ ಅಪ್ಪ ಅಂದರು, ಮೆತ್ತಗೆ, "ಟೊಪ್ಪಿಗಿ ನೋಡ್ರೋ."

ಹಸಿರು, ಅವ್ವಾ. ಹಸಿರು ಟೊಪ್ಪಿಗೆ. ಹೊಸ ಎಲೆಯ ಹಸಿರು, ನಿನ್ನ ನೂಲಿನದೇ. ಎರಡನೆಯ ಸಲ ಹೊರಟವನಿಗೆ ಆಟ ಮಾಡಿದವರು ಬೇರೆ ಟೊಪ್ಪಿಗೆ ಕೊಟ್ಟಿದ್ದಾರೆ, ಅಲ್ಲಿಯವರೆಗೆ ಯಾರೂ ಹೋಗದ್ದರಿಂದ ಯಾರಿಗೂ ಗೊತ್ತಿರಲಿಲ್ಲ. ಗಿರಿ ತಟ್ಟನೆ ತಿರುಗಿ ಅಡುಗೆಮನೆಯ ಕಡೆಗೆ "ಅವ್ವಾ, ಹಸರು! ಹಸರೈತಿ ಬಾ!" ಎಂದು ಕೂಗಿದ. ಅವರ ಮನೆಯ ಅಡುಗೆಮನೆಯೂ ನಮ್ಮದರ ಹಾಗೆ ಎಡಗಡೆಗೇ ಅಲ್ಲವೇ? ಕೇತನ್ ತಾಯಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಗಿರಿ ಅವರನ್ನು ನೋಡಿದ. ಅಪ್ಪ ಅವನ ಬೆನ್ನ ಮೇಲೆ ಕೈ ಇಟ್ಟರು, ಅವನು ಅಪ್ಪನ ತೊಡೆಯ ಮೇಲೆ ತಲೆ ಹಾಕಿ ಅತ್ತ. ಇಷ್ಟು ದೊಡ್ಡ ಹುಡುಗ, ಎಲ್ಲರ ಎದುರಿಗೆ. ನಾನು ಆಗಲೂ ಅಳಲಿಲ್ಲ.

ಇದೇ ಸುದ್ದಿ. ಕೇತನ್ ತನ್ನ ಪುಸ್ತಿಕೆಯಲ್ಲಿ ಈ ಸಲ ಇಡೀ ಪುಟ ತುಂಬ 'ಆಂಟಿ ಸಹೀ ಥೀ', ಆಂಟಿ ಹೇಳಿದ್ದೇ ಸರಿ, ಎಂದು ಬರೆಯುತ್ತಾನಂತೆ, ಸಣ್ಣ ಅಕ್ಷರದಲ್ಲಿ ಅಲ್ಲ. ಗಿರಿ ಊಟಕ್ಕೆ ಕೂತು ಮಾತಾಡುತ್ತಿದ್ದಾನೆ. ಅಪ್ಪ ಅಡುಗೆಮನೆಯ ಪ್ಲಗ್ ರಿಪೇರಿ ಮಾಡಿಸಿದರು, ಈಗ ನೆನಪಾಯಿತು ಅವರಿಗೆ.

ನಿನ್ನೆ ಸಂಜೆ ಆಫೀಸಿನಿಂದ ಬಂದು ಚಂದ್ರಕಾಳಿ ಹಾಸಿಕೊಂಡು ಕೂತೆ. ಮೊದಲು ಗೆರೆ ವಾಪಸ್ ತರಬೇಕು, ಆಮೇಲೆ ನಡುವಿನ ಚೌಕದಲ್ಲಿ ಬಾಗಿಲು, ಏಣಿ, ತುಳಸಿಕಟ್ಟೆ, ಹಸಿರು ಟೊಪ್ಪಿಗೆಯ ಬಸ್ಯಾ. ನೀನು ಮೊದಲ ಮೂಲೆಯಲ್ಲಿ ಹಾಕಿದ್ದೀಯಲ್ಲ, ಅದನ್ನೇ ಮತ್ತೆ. ತುಕ್ಕು ಸೂಜಿ ತೆಗೆದು ಹೊಸದು ತಂದೆ. ನಿನ್ನ ಬಿಸ್ಕೀಟಿನ ಡಬ್ಬಿಯಲ್ಲಿ ಹಸಿರು ನೂಲು ಉಳಿದಿತ್ತು. ಕತ್ತರಿ ಇದ್ದರೂ ನೀನು ಹಲ್ಲಿನಿಂದಲೇ ಕಡಿಯುತ್ತಿದ್ದೆಯಲ್ಲ, ಆ ಕಡಿದ ತುದಿ ಇನ್ನೂ ಚಪ್ಪಟೆಯಾಗಿತ್ತು. 'ಕತ್ತರಿ ತಗೋ, ಹಲ್ಲು ಹೋಗ್ತಾವ' ಎಂದು ಎಷ್ಟು ಸಲ ಬೈದಿದ್ದೆ ನಾನು. ಸೂಜಿಗೆ ಪೋಣಿಸಲು ನೋಡಿದರೆ ಅದು ಒಳಗೆ ಹೋಗಲಿಲ್ಲ. ನಾಲಿಗೆಗೆ ತಾಗಿಸಿ ಒದ್ದೆ ಮಾಡೋಣವೆಂದು ಆ ತುದಿಯನ್ನು ಬಾಯಲ್ಲಿ ಇಟ್ಟುಕೊಂಡೆ.

ಆಗ ಅಳು ಬಂತು, ಅವ್ವಾ. ದಾರ ಬಾಯಲ್ಲಿ ಹಾಗೇ ಇತ್ತು.

ಕಣ್ಣು ಒರೆಸಿಕೊಂಡು ಎಣಿಸುತ್ತೇನೆ. ತಪ್ಪಿದರೆ ಬಿಚ್ಚಿ ಮತ್ತೆ ಹಾಕುತ್ತೇನೆ. ಗಂಟು ಹಾಕುವುದಿಲ್ಲ.

ನಿನ್ನ
ಶೈಲೂ